ಅತ್ತೆ ಒಬ್ಬರೇ ವಾಪಸ್ ಮಲ್ಲೇಶ್ವರಕ್ಕೆ ಹೋಗಿ ಬಾಡಿಗೆ ಮನೆ ಮಾಡ್ತೀನಿ ಅಂತಿದ್ದಾರೆ. ಕಳಿಸಬಹುದಾ?

ಕೆಂಗೇರಿಗೆ ಹೊಸಬಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳಬೇಡಿ.

ಮಲ್ಲೇಶ್ವರದ ಹಳೇ ಮನೆ ಮಾರಿ ಹೋದ ವರ್ಷ ಕೆಂಗೇರಿ ಉಪನಗರದಲ್ಲಿ ಫ್ಲಾಟ್ ತೆಗೆದುಕೊಂಡೆವು. ಮಾವ ಹೋದ ಮೇಲೆ ಅತ್ತೆ ಮತ್ತು ಮೂರು ಜನ ಮಕ್ಕಳು ಸೇರಿ ಮಾರಿದ್ದು. ಜಗಳ ಏನೂ ಆಗಲಿಲ್ಲ. ಉಳಿದವರ ಪಾಲು ಕೊಟ್ಟು ಮನೆ ಉಳಿಸಿಕೊಳ್ಳುವಷ್ಟು ದುಡ್ಡು ಯಾರ ಹತ್ತಿರವೂ ಇರಲಿಲ್ಲ, ಅಷ್ಟೇ.

ನನಗೆ 47. ಯಜಮಾನರಿಗೆ 51. ಮಗ ಸೆಕೆಂಡ್ ಪಿಯುಸಿ, ಮಗಳು ಒಂಬತ್ತನೇ ಕ್ಲಾಸು. ಅತ್ತೆಗೆ 74. ಶುಗರ್ ಇದೆ, ಮಂಡಿ ನೋವಿದೆ, ಬಾಯಿ ಮಾತ್ರ ಗಟ್ಟಿ.

ಮನೆ ಚೆನ್ನಾಗಿದೆ. ಗಾಳಿ, ಬೆಳಕು, ಲಿಫ್ಟ್, ಹತ್ತಿರದಲ್ಲೇ ಮೆಟ್ರೋ. ಮಕ್ಕಳು ಬೇಗ ಒಗ್ಗಿಕೊಂಡರು. ಮಗಳಿಗೆ ಮೊದಲ ಸಲ ಸ್ವಂತ ರೂಮು ಸಿಕ್ಕಿದೆ, ಅವಳ ಬಾಯಲ್ಲಿ ಮಲ್ಲೇಶ್ವರದ ಹೆಸರೇ ಇಲ್ಲ. ದೊಡ್ಡವರು ಮೂರು ಜನ ಮಾತ್ರ ಒಂದೊಂದು ಮೂಲೆ ಹಿಡಿದು ಕೂತಿದ್ದೇವೆ.

ನಾನು ಕೆಲಸ ಮಾಡುವುದು ಮಲ್ಲೇಶ್ವರದಲ್ಲೇ, ಒಂದು ಸಹಕಾರಿ ಬ್ಯಾಂಕಿನಲ್ಲಿ. ಮೊದಲು ನಡೆದುಕೊಂಡು ಹೋಗುತ್ತಿದ್ದೆ. ಈಗ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಾಯಿಸಿ, ಸಂಪಿಗೆ ರಸ್ತೆಯಲ್ಲಿ ಇಳಿಯುತ್ತೇನೆ. ಸಂಜೆ ಮನೆಗೆ ಬಂದು ಚಪ್ಪಲಿ ಬಿಡುವುದೇ ತಡ, ಅತ್ತೆ ಶುರು. ಎಂಟನೇ ಕ್ರಾಸಲ್ಲಿ ಸೇವಂತಿಗೆ ಮಾರು ಎಷ್ಟು? ಮೂಲೆ ಮನೆಯವರ ಮಗಳು ಬಂದಿದ್ದಾಳಾ? ನಾನೇನು ಅಲ್ಲಿ ಸುತ್ತಾಡಲು ಹೋಗ್ತೀನಾ? ಕೌಂಟರ್ ಬಿಟ್ಟು ಏಳಲು ಆಗಲ್ಲ.

ಈಗ ವಿಷಯಕ್ಕೆ ಬರ್ತೀನಿ. ಮೊನ್ನೆ ಊಟಕ್ಕೆ ಕೂತಾಗ ಅತ್ತೆ ಹೇಳಿಬಿಟ್ಟರು. "ಒಂದು ರೂಮು, ಒಂದು ಅಡುಗೆಮನೆ, ಕಾಡು ಮಲ್ಲೇಶ್ವರ ದೇವಸ್ಥಾನಕ್ಕೆ ನಡೆದು ಹೋಗುವಷ್ಟು ಹತ್ತಿರ. ನನ್ನ ಪಾಲಿನ ದುಡ್ಡಿದೆಯಲ್ಲ, ಬಡ್ಡಿಯಲ್ಲಿ ಬಾಡಿಗೆ ಕಟ್ಟಿಕೊಳ್ತೀನಿ." ಯಜಮಾನರು "ಜನ ಏನಂತಾರೆ" ಅಂದು ಕೈ ತೊಳೆಯಲು ಎದ್ದರು. ಆಮೇಲೆ ಆ ಮಾತು ಎತ್ತಿದರೆ ಟಿವಿ ಜೋರು ಮಾಡುತ್ತಾರೆ.

ನನಗೆ ಏನನಿಸುತ್ತೆ ಅಂತ ಯಾರೂ ಕೇಳಿಲ್ಲ. ಇಲ್ಲಿ ಹೇಳ್ತೀನಿ. ಹೊಟ್ಟೆಕಿಚ್ಚು! 74ಕ್ಕೆ ಅವರಿಗೆ ತಮಗೆ ಏನು ಬೇಕು ಅಂತ ಗೊತ್ತಿದೆ. 47ಕ್ಕೆ ನನಗೆ ಗೊತ್ತಿಲ್ಲ. ಹಳೇ ಬೀದಿಯಲ್ಲಿ ನಾನು ಇವತ್ತಿಗೂ ಆ ಮನೆಯ ಸೊಸೆ. ಇಲ್ಲಿ ಲಿಫ್ಟಿನಲ್ಲಿ ಗಡ್ಡ ಬಿಟ್ಟ ಗಂಡಸರೂ "ಆಂಟಿ, ಯಾವ ಫ್ಲೋರ್?" ಅಂತ ಕೇಳುತ್ತಾರೆ. ಮನೆ ಬದಲಾಯಿಸಿದ್ದಕ್ಕೆ ವಯಸ್ಸೂ ಬದಲಾಯಿತಾ ಅನಿಸುತ್ತೆ.

ಯಾರಾದರೂ ಹೀಗೆ ಕಳಿಸಿದ್ದೀರಾ?

ಉಲ್ಲಾಳ ಕೆರೆ ಏರಿ

ಮೊದಲು ನಮ್ಮ ಕಡೆಗೆ ಸ್ವಾಗತ. ಕಿಟಕಿಗಳಿಗೆ ಸೊಳ್ಳೆ ಜಾಲರಿ ಹಾಕಿಸಿದ್ರಾ? ಮಿಕ್ಕಿದ್ದೆಲ್ಲ ಆಮೇಲೆ.

ಹಿರಿಮಗ

ಖಂಡಿತ ಕಳಿಸಬೇಡಿ. 74 ವಯಸ್ಸು, ಶುಗರ್ ಬೇರೆ. ರಾತ್ರಿ ಎರಡು ಗಂಟೆಗೆ ಏನಾದರೂ ಆದರೆ ಕೆಂಗೇರಿಯಿಂದ ಹೋಗುವಷ್ಟರಲ್ಲಿ ಬೆಳಗಾಗುತ್ತೆ. ಹೊಸ ಜಾಗ ಅಂದರೆ ಹಿರಿಯರಿಗೆ ಸ್ವಲ್ಪ ದಿನ ಕಷ್ಟವೇ. ನಮ್ಮ ತಾಯಿಯೂ ಮೊದಲು ಅತ್ತರು, ಈಗ ಸರಿ ಹೋಗಿದ್ದಾರೆ. ನಿಮ್ಮ ಯಜಮಾನರು ಹೇಳುವುದು ಸರಿ.

ಬಾಡಿಗೆ ಭೂತ

ಹಗಲು ಹೊತ್ತು ಮೈಸೂರು ರಸ್ತೆಯಲ್ಲಾದರೆ ಬೆಳಗಾಗುತ್ತೆ. ರಾತ್ರಿ ಎರಡು ಗಂಟೆಗೆ ಬೇಗ ತಲುಪಬಹುದು ಸಾರ್.

ನರ್ಸಮ್ಮ ರಿಟೈರ್ಡ್

ಶುಗರ್ ಇದೆ ಅಂದ ಕೂಡಲೇ ಎಲ್ಲರೂ ಹೆದರಿಸುತ್ತಾರೆ. ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ ಅನ್ನುವುದು ಮುಖ್ಯ. ಬರೀ ಮೆಟ್‌ಫಾರ್ಮಿನ್ ಆದರೆ ಶುಗರ್ ತೀರಾ ಕೆಳಗೆ ಇಳಿಯುವುದು ಅಪರೂಪ. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ತರಹದ್ದು ಇದ್ದರೆ, ಊಟ ತಪ್ಪಿದಾಗ 70ಕ್ಕಿಂತ ಕೆಳಗೆ ಹೋಗಿ ಬೆವರು, ನಡುಕ, ತಲೆಸುತ್ತು ಬರಬಹುದು. ಒಬ್ಬರೇ ಇರುತ್ತಾರೆ ಅಂತ ಡಾಕ್ಟರಿಗೆ ಹೇಳಿ. ಮಾತ್ರೆ ಬದಲಾಯಿಸಬೇಕಾ ಅಂತ ಅವರೇ ನೋಡುತ್ತಾರೆ.

ನನಗೆ ಶುಗರಿಗಿಂತ ಮಂಡಿಯದೇ ಜಾಸ್ತಿ ಯೋಚನೆ. ಬೀಳುವುದು ಹೆಚ್ಚಾಗಿ ಬಚ್ಚಲಲ್ಲಿ, ಅದೂ ರಾತ್ರಿ. ಗ್ರೌಂಡ್ ಫ್ಲೋರ್ ಮನೆಯೇ ಬೇಕು. ಬಚ್ಚಲಲ್ಲಿ ಹಿಡಿದುಕೊಳ್ಳಲು ಗೋಡೆಗೆ ರಾಡ್, ಜಾರದ ಮ್ಯಾಟು, ಹಾಸಿಗೆಯಿಂದ ಬಚ್ಚಲವರೆಗೆ ಸಣ್ಣ ಲೈಟು. ಇಷ್ಟು ಇಲ್ಲದ ಮನೆಯನ್ನು ದೇವಸ್ಥಾನದ ಎದುರಿಗೇ ಇದ್ದರೂ ತೆಗೆದುಕೊಳ್ಳಬೇಡಿ.

ಅಂದ ಹಾಗೆ, ಮಕ್ಕಳ ಮನೆಯಲ್ಲೇ ಬಿದ್ದು ಸೊಂಟ ಮುರಿದುಕೊಂಡು ಬರುವ ಅಜ್ಜಿಯರನ್ನು ವಾರ್ಡಿನಲ್ಲಿ ಬೇಕಾದಷ್ಟು ನೋಡಿದ್ದೇನೆ. ಮನೆ ತುಂಬಾ ಜನ ಇದ್ದರೂ ಬೆಳಗ್ಗೆ ಹತ್ತರಿಂದ ಸಂಜೆ ಆರರವರೆಗೆ ಅಜ್ಜಿ ಒಬ್ಬರೇ ತಾನೇ?

ಲೆಕ್ಕದ ಮೇಷ್ಟ್ರು

ಯಾರೂ ಲೆಕ್ಕ ಹಾಕದೆ ಭಾವನೆ ಮಾತಾಡ್ತಿದ್ದೀರಿ. ಮಾವ ವಿಲ್ ಬರೆಯದೇ ಹೋಗಿ, ಮನೆ ಅವರ ಸ್ವಂತ ಸಂಪಾದನೆಯದ್ದಾಗಿದ್ದರೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಹೆಂಡತಿಗೂ ಮಕ್ಕಳಷ್ಟೇ ಸಮ ಪಾಲು. ಅಂದರೆ ಇಲ್ಲಿ ನಾಲ್ಕರಲ್ಲಿ ಒಂದು. ಆ ದುಡ್ಡು ಈಗ ಯಾರ ಹೆಸರಲ್ಲಿದೆ? ಅದನ್ನು ಮೊದಲು ಹೇಳಿ. ಫ್ಲಾಟಿಗೆ ಸೇರಿಸಿದ್ದೀರಾ?

ಕೆಂಗೇರಿಗೆ ಹೊಸಬಳು

ಮೇಷ್ಟ್ರೇ, ಸೇರಿಸಿಲ್ಲ. ನಾವು ನಮ್ಮ ಪಾಲು ಮತ್ತು ಸಾಲದಲ್ಲಿ ತೆಗೆದುಕೊಂಡೆವು. ಅತ್ತೆಯ ದುಡ್ಡು ಅತ್ತೆಯ ಹೆಸರಲ್ಲೇ ಇದೆ. 30 ಲಕ್ಷ ಪೋಸ್ಟ್ ಆಫೀಸಿನ ಹಿರಿಯರ ಯೋಜನೆಯಲ್ಲಿ, ಮಿಕ್ಕಿದ್ದು ಎಫ್‌ಡಿ. ಹಾಕಿಸಿದ್ದು ನಾನೇ.

ಲೆಕ್ಕದ ಮೇಷ್ಟ್ರು

ಭೇಷ್. ಹಾಗಾದರೆ ಹಿರಿಯ ನಾಗರಿಕರ ಉಳಿತಾಯ ಯೋಜನೆ 8.2 ಪರ್ಸೆಂಟ್. 30 ಲಕ್ಷಕ್ಕೆ ವರ್ಷಕ್ಕೆ 2,46,000. ಮೂರು ತಿಂಗಳಿಗೊಮ್ಮೆ 61,500 ಬರುತ್ತೆ. ತಿಂಗಳಿಗೆ 20,500 ಆಯಿತು. ಖಾತೆ ತೆರೆದ ದಿನದ ದರವೇ ಐದು ವರ್ಷ ನಿಲ್ಲುತ್ತೆ. ಎಫ್‌ಡಿ ಬಡ್ಡಿ ಬೇರೆ. ಇವರು ಯಾರ ಅಪ್ಪಣೆಯನ್ನೂ ಕೇಳಬೇಕಾಗಿಲ್ಲ. ಮರ್ಯಾದೆಗೆ ನಿಮಗೆ ತಿಳಿಸಿದ್ದಾರೆ ಅಷ್ಟೇ.

ಹಿರಿಮಗ

ದುಡ್ಡಿದ್ದರೆ ಮುಗಿಯಿತಾ ಮೇಷ್ಟ್ರೇ? ಮಗ ಇದ್ದೂ ತಾಯಿ ಬಾಡಿಗೆ ಮನೆಯಲ್ಲಿದ್ದರೆ ಮೂರು ಜನ ನೆಂಟರು ಮಗನ ಮುಖಕ್ಕೆ ಹೇಳುತ್ತಾರೆ, ಮೂವತ್ತು ಜನ ಬೆನ್ನ ಹಿಂದೆ. ನಾವೆಲ್ಲ ಎಷ್ಟೇ ಓದಿದ್ದರೂ ಇರುವುದು ಇಂಥವರ ನಡುವೆಯೇ. 2007ರಲ್ಲಿ ತಂದೆ ತಾಯಿಯನ್ನು ನೋಡಿಕೊಳ್ಳಬೇಕು ಅಂತ ಕಾನೂನೇ ಬಂದಿದೆ.

ಬಾಡಿಗೆ ಭೂತ

ಆ ಕಾನೂನು ಬಂದದ್ದು ನೋಡಿಕೊಳ್ಳದ ಮಕ್ಕಳಿಗೆ. ಬಿಟ್ಟುಬಿಡಿ ಅಂತ ಕೇಳುವ ತಾಯಂದಿರನ್ನು ಕಟ್ಟಿಹಾಕುವುದಕ್ಕಲ್ಲ.

ಹಳೇಪೇಟೆ ಹುಡುಗ

ಎಲ್ಲರೂ ಮಲ್ಲೇಶ್ವರ ಅನಾದಿ ಕಾಲದಿಂದ ಹಾಗೇ ಇದ್ದ ಹಾಗೆ ಮಾತಾಡ್ತೀರಿ. ಸ್ವಾಮಿ, ಅದೂ ಒಂದು ಕಾಲದ ಲೇಔಟೇ! 1898ರಲ್ಲಿ ಪ್ಲೇಗ್ ಬಂದು ಪೇಟೆ ಬಿಟ್ಟು ಓಡಿದವರಿಗಾಗಿ ಬೆಳೆದ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ನೇರ ರಸ್ತೆಗಳು, ಮನೆ ಹಿಂದೆ ಕನ್ಸರ್ವೆನ್ಸಿ ಗಲ್ಲಿ, ಎಲ್ಲವೂ ರೋಗ ಹರಡಬಾರದು ಅನ್ನುವ ಲೆಕ್ಕದಲ್ಲಿ. ಚಿಕ್ಕಪೇಟೆ, ಬಳೇಪೇಟೆಯಿಂದ ಹೋದ ಆ ಕಾಲದ ಅಜ್ಜಿಯರೂ "ಇಲ್ಲಿ ಜನರೇ ಇಲ್ಲ, ನಮ್ಮ ಪೇಟೆಯೇ ವಾಸಿ" ಅಂತ ಅತ್ತಿರುತ್ತಾರೆ. ಇನ್ನು ನೂರು ವರ್ಷಕ್ಕೆ ಕೆಂಗೇರಿ ಉಪನಗರ ಬಿಟ್ಟು ಹೋಗುವಾಗ ಯಾರೋ ಅಳುತ್ತಾರೆ ನೋಡ್ತಿರಿ.

ಪರಿಷೆ ಪ್ರಿಯ

ಬಡಾವಣೆ ಹೊಸದಿರಬಹುದು, ದೇವಸ್ಥಾನ ಹೊಸದಲ್ಲ. ಕಾಡು ಮಲ್ಲೇಶ್ವರನದು 17ನೇ ಶತಮಾನದ್ದು. ಶಿವಾಜಿಯ ತಮ್ಮ ವೆಂಕೋಜಿ ಹೆಸರಿನ ಶಾಸನ ಇದೆ, 1669ರದ್ದು. ಪ್ಲೇಗ್ ಬರುವ ಮೊದಲೂ ಅಲ್ಲಿ ಊರಿತ್ತು. ಸುಮ್ನೆ ಲೇಔಟ್ ಅಂದುಬಿಡಬೇಡಿ.

ಹಳೇಪೇಟೆ ಹುಡುಗ

ಮಲತಮ್ಮ. ಮಿಕ್ಕಿದ್ದು ಒಪ್ಪಿದೆ.

ಐವತ್ತೆರಡು ದಾಟಿದವ

ಮೇಡಂ, ನಿಮ್ಮ ಯಜಮಾನರ ಬಗ್ಗೆ ಒಂದು ಮಾತು. ನಾನು ಅವರ ವಯಸ್ಸಿನವನೇ. ನಮ್ಮ ಮನೆಯೂ ಮಾರಾಟವಾಯಿತು, ರಾಜಾಜಿನಗರದ್ದು.

"ಜನ ಏನಂತಾರೆ" ಅಂತ ನಾನೂ ಅಂದಿದ್ದೆ. ಜನ ಏನೂ ಅನ್ನುವುದಿಲ್ಲ, ಅವರಿಗೆ ಅವರದೇ ಸಾಲ ಇದೆ. ನನಗೆ ಒಳಗೆ ಇದ್ದದ್ದು ಬೇರೆ. ಅಪ್ಪ ಗುಮಾಸ್ತನ ಸಂಬಳದಲ್ಲಿ ಊರ ಮಧ್ಯೆ ಮನೆ ಕಟ್ಟಿದ. ನಾನು ಅದರ ಎಷ್ಟೋ ಪಟ್ಟು ಸಂಬಳ ತೆಗೆದುಕೊಂಡು ಅದೇ ಬೀದಿಯಲ್ಲಿ ಒಂದು ಗ್ಯಾರೇಜು ಕೂಡ ಕೊಳ್ಳಲಾರೆ. ಊರ ಹೊರಗೆ ಫ್ಲಾಟ್ ತೆಗೆದುಕೊಂಡು, ಇದೇ ನಮ್ಮ ಮನೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ತಾಯಿ ಆ ಮನೆಯಲ್ಲಿ ಕೂತಿರುವವರೆಗೆ ಅದು ಮನೆ. ಅವರು ಎದ್ದು ಹೋದರೆ ಅದು ಬರೀ ಇಎಂಐ. ಅದಕ್ಕೇ ಟಿವಿ ಜೋರು ಮಾಡುವುದು.

ಆಫೀಸಿನಲ್ಲೂ ಈ ವಯಸ್ಸು ಚೆನ್ನಾಗಿಲ್ಲ. ಮೀಟಿಂಗ್‌ನಲ್ಲಿ ನನ್ನ ಮಗನ ವಯಸ್ಸಿನವನು "ನಿಮ್ಮ ಅನುಭವ ನಮಗೆ ಮುಖ್ಯ" ಅಂತಾನೆ. ಮರುದಿನದ ಮೀಟಿಂಗ್‌ಗೆ ಕರೆಯುವುದಿಲ್ಲ. ಮನೆಗೆ ಬಂದರೆ ಮಗ ಇಯರ್‌ಫೋನ್ ಹಾಕಿಕೊಂಡಿರುತ್ತಾನೆ. ದಿನದಲ್ಲಿ ನನ್ನನ್ನು "ಲೋ" ಅಂತ ಕರೆಯುವವರು ತಾಯಿ ಒಬ್ಬರೇ ಉಳಿದಿದ್ದರು.

ಅವರನ್ನು ಬೈಯಬೇಡಿ. ಮನೆ ನೋಡಲು ತಾಯಿ ಜೊತೆ ನೀವೇ ಹೋಗಿ ಬನ್ನಿ ಅಂತ ಕಳಿಸಿ. ನೀವು ಹೋಗಬೇಡಿ.

ಎರಡನೇ ಶಿಫ್ಟು

ಗಂಡಸರ ನೋವು ಬಂದ ಕೂಡಲೇ ಎಲ್ಲರೂ ಕಣ್ಣು ಒರೆಸಿಕೊಳ್ಳಿ ಅಲ್ವಾ. ಅಕ್ಕ ತನಗೆ ಏನು ಬೇಕು ಅಂತ ಗೊತ್ತಿಲ್ಲ ಅಂತ ಬರೆದಿದ್ದಾರೆ. ಇಷ್ಟು ಜನ ಬರೆದಿರಿ, ಒಬ್ಬರೂ ಅದನ್ನು ಕೇಳಲಿಲ್ಲ.

ಮಾರ್ಗೋಸಾ ಅಕ್ಕ

ನಾನು ಕೇಳ್ತೀನಿ. 47 ಅಂದಿರಿ. ನಿದ್ದೆ ಹೇಗೆ? ಬೆಳಗಿನ ಜಾವ ಎಚ್ಚರವಾಗುತ್ತಾ? ಸುಮ್ಮಸುಮ್ಮನೆ ಸೆಕೆ, ಸುಮ್ಮಸುಮ್ಮನೆ ಅಳು? ಹಾಗಿದ್ದರೆ ಎಲ್ಲವನ್ನೂ ಕೆಂಗೇರಿ ತಲೆಗೆ ಕಟ್ಟಬೇಡಿ. ನಮ್ಮ ದೇಶದ ಹೆಂಗಸರಿಗೆ ಮುಟ್ಟು ನಿಲ್ಲುವ ವಯಸ್ಸು ಸರಾಸರಿ 46-47ರ ಆಸುಪಾಸು. ಅಮೆರಿಕ, ಯೂರೋಪಿನವರಿಗೆ 51ರ ಹತ್ತಿರ. ನಿಲ್ಲುವ ಮೊದಲೇ ಕೆಲವು ವರ್ಷ ಮೈ ಮನಸ್ಸು ಎರಡೂ ಏರುಪೇರು. ನಾನು ಮನೆ ಬದಲಾಯಿಸಿದ್ದಕ್ಕೇ ಹೀಗೆ ಅಂತ ಎರಡು ವರ್ಷ ಗಂಡನನ್ನು ಬೈದೆ. ಆಮೇಲೆ ನೋಡಿದರೆ ಥೈರಾಯ್ಡ್ ಜೊತೆಗೆ ಇದು. ಟಿಎಸ್‌ಎಚ್, ಬಿ12, ವಿಟಮಿನ್ ಡಿ, ಹಿಮೋಗ್ಲೋಬಿನ್ ಒಮ್ಮೆ ಮಾಡಿಸಿ. ಹೆಂಗಸರ ಡಾಕ್ಟರ ಹತ್ತಿರ ಹೋಗಿ.

ಗಂಡ ಈಗಲೂ ಬೈಸಿಕೊಳ್ಳುತ್ತಾನೆ, ಅದು ಬೇರೆ ಕಾರಣಕ್ಕೆ.

ತುಮಕೂರು ರೋಡು

ಇದೆಲ್ಲ ಹೊಟ್ಟೆ ತುಂಬಿದವರ ಕಷ್ಟ. ನಮ್ಮ ಅಮ್ಮ 47ಕ್ಕೆ ಗಾರ್ಮೆಂಟ್ಸ್‌ನಲ್ಲಿ ದುಡಿಯುತ್ತಿದ್ದರು. ಸೆಕೆ, ಅಳು ಎಲ್ಲ ಕೇಳುವವರು ಯಾರಿದ್ದರು? ನಾವು ಹನ್ನೊಂದು ತಿಂಗಳಿಗೊಂದು ಮನೆ ಬದಲಾಯಿಸಿದವರು. ಪೀಣ್ಯ, ದಾಸರಹಳ್ಳಿ, ಲಗ್ಗೆರೆ. ನೆನಪು ಬೆಳೆಯುವ ಮೊದಲೇ ಲಗೇಜ್ ಆಟೋ ಬಂದು ನಿಲ್ಲುತ್ತಿತ್ತು.

ಎರಡನೇ ಶಿಫ್ಟು

ನಿಮ್ಮ ಅಮ್ಮನಿಗೂ ಎಲ್ಲವೂ ಆಗಿರುತ್ತೆ. ಕೇಳುವವರು ಇರಲಿಲ್ಲ ಅಂತ ನೀವೇ ಬರೆದಿರಿ. ಅದಕ್ಕೆ ಬೇರೆಯವರೂ ಹೇಳಬಾರದಾ?

ತುಮಕೂರು ರೋಡು

ಹೇಳಲಿ ಬಿಡಿ. ಒಂದು ಮನೆಗೆ ಅತ್ತು, ಆಮೇಲೆ ಇನ್ನೊಂದು ಮನೆ ಹುಡುಕುವ ಭಾಗ್ಯ ಎಲ್ಲರಿಗೂ ಇರಲ್ಲ ಅಂದೆ ಅಷ್ಟೇ. ಇವತ್ತು ಅಮ್ಮನಿಗೆ ಫೋನ್ ಮಾಡಿ ಕೇಳ್ತೀನಿ, ಬೈಸಿಕೊಳ್ತೀನಿ.

ಉಲ್ಲಾಳ ಕೆರೆ ಏರಿ

ಎಲ್ಲರೂ ಸೀರಿಯಸ್ಸಾದಿರಿ. ಅಕ್ಕ, ಬೇಕಾದ್ದನ್ನು ಹೇಳ್ತೀನಿ ಕೇಳಿ. ಗೃಹಜ್ಯೋತಿ ಹಳೇ ಮನೆಯ ಆರ್‌ಆರ್ ನಂಬರಿಗೇ ಅಂಟಿಕೊಂಡಿದ್ದರೆ ಮೊದಲು ಅಲ್ಲಿ ಬಿಡಿಸಿ, ಆಮೇಲೆ ಇಲ್ಲಿಗೆ ಜೋಡಿಸಬೇಕು. ಇಲ್ಲದಿದ್ದರೆ 200 ಯೂನಿಟ್ ಒಳಗಿದ್ದರೂ ಪೂರ್ತಿ ಬಿಲ್ಲು ಬರುತ್ತೆ. ವೋಟರ್ ಲಿಸ್ಟಿಗೆ ಫಾರ್ಮ್ 8. ಹೊಸ ಹೆಸರು ಸೇರಿಸುವ ಫಾರ್ಮ್ 6 ತುಂಬಬೇಡಿ, ಎರಡು ಕಡೆ ಹೆಸರಾಗುತ್ತೆ. ಅತ್ತೆಯದು ಮಾತ್ರ ತಡೆಯಿರಿ. ಅವರು ಎಲ್ಲಿ ವೋಟು ಹಾಕ್ತಾರೋ ಇನ್ನೂ ಗೊತ್ತಿಲ್ಲವಲ್ಲ!

ಭಾನುವಾರ ಮಕ್ಕಳನ್ನು ಕರೆದುಕೊಂಡು ದೊಡ್ಡ ಆಲದ ಮರಕ್ಕೆ ಹೋಗಿ ಬನ್ನಿ. ಬೆಳಗ್ಗೆ ಬೇಗ ಹೋಗಿ. ಹತ್ತು ಗಂಟೆಯ ಮೇಲೆ ಮೈಸೂರಿಗೆ ಹೊರಟ ಕಾರುಗಳ ಜೊತೆ ಸಿಕ್ಕಿಹಾಕಿಕೊಳ್ತೀರಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ವೀಕೆಂಡ್ ಅಂದರೆ ನಮಗೆ ಮನೆಯಿಂದ ಹೊರಬರುವುದೇ ಬೇಡ ಅನಿಸುತ್ತೆ.

ಹಳೇಪೇಟೆ ಹುಡುಗ

ವೃಷಭಾವತಿ ವಾಸನೆ ಬಗ್ಗೆ ಯಾರೂ ಹೇಳಲಿಲ್ಲ?

ಉಲ್ಲಾಳ ಕೆರೆ ಏರಿ

ಹೊಸಬರನ್ನು ಓಡಿಸಬೇಡಿ ಮಾರಾಯರೇ. ಆ ನೀರು ಎಲ್ಲಿಂದ ಬರುತ್ತೆ? ಬಸವನಗುಡಿ ದೊಡ್ಡ ಬಸವಣ್ಣನ ಪಾದದ ಹತ್ತಿರ ಹುಟ್ಟುತ್ತಾಳೆ ಅಂತ ನೀವೇ ಹೆಮ್ಮೆಯಿಂದ ಹೇಳ್ತೀರಿ. ಹುಟ್ಟಿಸಿದವರು ನೀವು, ಮೂಗು ಮುಚ್ಚಿಕೊಳ್ಳುವವರು ನಾವು. 2007ರವರೆಗೆ ನಮ್ಮದೇ ಪುರಸಭೆ ಇತ್ತು. ಕೆಂಗೇರಿಯನ್ನು ಬೆಂಗಳೂರಿಗೆ ಸೇರಿಸಿದ ಮೇಲೆ ಸಿಕ್ಕಿದ್ದು ಮೆಟ್ರೋ ಒಂದು, ಅದೂ 2021ಕ್ಕೆ.

ಕಾರ್ಡ್ ರೀಚಾರ್ಜ್

ಮೆಟ್ರೋ ಹೆಸರೆತ್ತಬೇಡಿ. 2025ರ ಫೆಬ್ರವರಿಯಲ್ಲಿ ಗರಿಷ್ಠ ದರ 60ರಿಂದ 90ಕ್ಕೆ ಏರಿಸಿದರು. ದಿನಾ ಹೋಗಿ ಬರುವವರ ಸಂಬಳ ಹಾಗೆ ಏರುತ್ತಾ? ಸ್ಮಾರ್ಟ್ ಕಾರ್ಡಿಗೆ 5 ಪರ್ಸೆಂಟ್ ರಿಯಾಯಿತಿಯಂತೆ.

ಬಾಡಿಗೆ ಭೂತ

ಅತ್ತೆಗೆ ಮೆಟ್ರೋ ಯಾಕೆ? 2023ರ ಜೂನ್‌ನಿಂದ ಶಕ್ತಿ ಇದೆ. ಬಿಎಂಟಿಸಿ ಬಸ್ಸಲ್ಲಿ ಟಿಕೆಟ್ಟೇ ಇಲ್ಲ, ಎಸಿ ಬಸ್ಸು ಬಿಟ್ಟು. ದಿನಾ ಬೆಳಗ್ಗೆ ಮಲ್ಲೇಶ್ವರಕ್ಕೆ ಹೋಗಿ ಸಂಜೆ ಬರಲಿ. ಮನೆ ಮಾಡುವ ತಲೆನೋವೇ ಬೇಡ.

ನರ್ಸಮ್ಮ ರಿಟೈರ್ಡ್

ಮಂಡಿ ನೋವು ಅಂತ ಬರೆದಿದ್ದಾರೆ. ಬಿಎಂಟಿಸಿ ಮೆಟ್ಟಿಲು ನೋಡಿದ್ದೀರಾ? ಅದೂ ಮೆಜೆಸ್ಟಿಕ್ಕಲ್ಲಿ ಇಳಿದು ಹತ್ತಬೇಕು. ಮೆಟ್ರೋದಲ್ಲಿ ಲಿಫ್ಟಾದರೂ ಇದೆ. ಸುಮ್ನೆ ಏನೋ ಹೇಳಬೇಡಿ.

ಮಲ್ಲೇಶ್ವರ ಮನೆ ಓನರ್

ನಾನು ಇನ್ನೊಂದು ಕಡೆಯವನು. ಎರಡು ಪೋರ್ಷನ್ ಬಾಡಿಗೆಗೆ ಕೊಡುತ್ತೇನೆ. ಒಂಟಿ ಹಿರಿಯರು ಮನೆ ಕೇಳಿಕೊಂಡು ಬಂದರೆ ನಾವು ಹಿಂದೆ ಮುಂದೆ ನೋಡುತ್ತೇವೆ. ಮುಚ್ಚಿಡುವುದೇನಿದೆ. ಒಂದು ದಿನ ಬಾಗಿಲು ತೆಗೆಯದಿದ್ದರೆ ಪೊಲೀಸು, ಆಂಬುಲೆನ್ಸು, ನೆಂಟರಿಗೆ ಫೋನು, ಎಲ್ಲ ನಮ್ಮ ತಲೆಗೆ. ಬಾಡಿಗೆ ಮಾತ್ರ ಇವರಷ್ಟು ಸರಿಯಾಗಿ ಕೊಡುವವರು ಯಾರೂ ಇಲ್ಲ. ಒಂದನೇ ತಾರೀಕು ಅಂದರೆ ಒಂದನೇ ತಾರೀಕು.

ಮಗ ಬಂದು ಅಗ್ರಿಮೆಂಟ್‌ಗೆ ಸಾಕ್ಷಿ ಹಾಕಿ, ಎರಡು ಫೋನ್ ನಂಬರ್ ಕೊಟ್ಟು, ವಾರಕ್ಕೊಮ್ಮೆ ಮುಖ ತೋರಿಸುತ್ತಾನೆ ಅಂದರೆ ಕೊಡುತ್ತೇವೆ. ಮಗ ಬರುವುದೇ ಇಲ್ಲ, ಸೊಸೆ ಒಬ್ಬಳೇ ಬಂದು ಮನೆ ನೋಡುತ್ತಾಳೆ ಅಂದರೆ ನಾವು ಬೇರೆ ಕಥೆ ಕಟ್ಟಿಕೊಳ್ಳುತ್ತೇವೆ. ತಪ್ಪು ತಿಳಿಯಬೇಡಿ. ಬೀದಿ ಹಾಗೇ ಇದೆ.

ಎರಡನೇ ಶಿಫ್ಟು

ಬೀದಿ ಹಾಗಿಲ್ಲ ಸಾರ್, ನೀವು ಹಾಗಿದ್ದೀರಿ. ಆದರೆ ಸಾಕ್ಷಿ ಮಾತು ಉಪಯೋಗಕ್ಕೆ ಬರುತ್ತೆ, ಅದಕ್ಕೆ ಥ್ಯಾಂಕ್ಸ್.

ಮಾರ್ಗೋಸಾ ಅಕ್ಕ

ಎಲ್ಲರೂ ಒಂದು ವಿಷಯ ಬಿಟ್ಟುಬಿಟ್ಟಿರಿ. ಹೊಸಬಳು ಅವರ ಬ್ಯಾಂಕು ಇರುವುದೇ ಮಲ್ಲೇಶ್ವರದಲ್ಲಿ! ಅತ್ತೆ ಅಲ್ಲಿದ್ದರೆ ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ನೋಡಿ ಬರಬಹುದು, ಬಿಸಿ ಸಾರು ಊಟವೂ ಆಗುತ್ತೆ. ಈಗ ಅತ್ತೆ ಕೆಂಗೇರಿಯಲ್ಲಿ ಹಗಲೆಲ್ಲ ಒಬ್ಬರೇ. ಸೊಸೆ ಮಲ್ಲೇಶ್ವರದಲ್ಲಿ ಡಬ್ಬಿ ಬಿಚ್ಚಿಕೊಂಡು ಒಬ್ಬಳೇ. ಇದಕ್ಕಿಂತ ಏನು ಬೇಕು ಹೇಳಿ.

ಹಿರಿಮಗ

ರಾತ್ರಿ?

ನರ್ಸಮ್ಮ ರಿಟೈರ್ಡ್

ರಾತ್ರಿಗೆ ಪಕ್ಕದ ಮನೆಯವರ ಹತ್ತಿರ ಒಂದು ಕೀಲಿ. ಬೆಳಗ್ಗೆ ಒಂದು ಮಿಸ್ಡ್ ಕಾಲ್, ಬರದಿದ್ದರೆ ನೀವು ಮಾಡಿ. ಹಿರಿಯರ ಸಹಾಯವಾಣಿ 14567 ಗೋಡೆಗೆ ದೊಡ್ಡದಾಗಿ ಬರೆದು ಅಂಟಿಸಿ. ತುರ್ತಿಗೆ 112.

ಕೆಂಗೇರಿಗೆ ಹೊಸಬಳು

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಕೆಲವಕ್ಕೆ ಉತ್ತರ ಕೊಟ್ಟುಬಿಡುತ್ತೇನೆ.

ಅಕ್ಕ, ಊಟದ ಹೊತ್ತಿನ ವಿಷಯ ನನ್ನ ತಲೆಗೇ ಹೊಳೆದಿರಲಿಲ್ಲ. ಟೆಸ್ಟು ಕೂಡ ಮಾಡಿಸುತ್ತೇನೆ. ನಿದ್ದೆಯ ಬಗ್ಗೆ ಕೇಳಬೇಡಿ.

ಐವತ್ತೆರಡು ಸಾರ್ ಹೇಳಿದ ಹಾಗೆ ಯಜಮಾನರನ್ನೂ ಅತ್ತೆಯನ್ನೂ ಇಬ್ಬರನ್ನೇ ಕಳಿಸಿದೆ. ಮನೆ ಮಾರಿದ ಮೇಲೆ ಅವರು ಆ ಕಡೆ ಕಾಲಿಟ್ಟೇ ಇರಲಿಲ್ಲ. ಬ್ರೋಕರು ತೋರಿಸಿದ ಮೊದಲ ಮನೆ ಎರಡನೇ ಮಹಡಿ, ಲಿಫ್ಟ್ ಇಲ್ಲ. ಇನ್ನೊಂದರಲ್ಲಿ ಓನರ್ ಅತ್ತೆಯನ್ನು ಮೇಲಿಂದ ಕೆಳಗೆ ನೋಡಿ "ಫ್ಯಾಮಿಲಿಗೆ ಮಾತ್ರ" ಅಂದರಂತೆ. "ನಾನು ಫ್ಯಾಮಿಲಿ ಅಲ್ಲವಾ?" ಅಂತ ಕೇಳಿ ಬಂದಿದ್ದಾರೆ.

ವಾಪಸ್ ಬರುವಾಗ ನಮ್ಮ ಹಳೇ ಮನೆ ಮುಂದೆ ಹಾದು ಬಂದರಂತೆ. ಕೆಡವಿ, ಸುತ್ತ ಹಸಿರು ಪರದೆ ಕಟ್ಟಿದ್ದಾರೆ. ಅತ್ತೆ ನೋಡಿ "ಆ ಬಚ್ಚಲು ಯಾವಾಗಲೂ ಸೋರುತ್ತಿತ್ತು, ಹೋಗಿದ್ದೇ ಒಳ್ಳೆಯದಾಯಿತು" ಅಂದು ಮುಂದೆ ನಡೆದರಂತೆ. ಯಜಮಾನರು ಎಳನೀರು ಕುಡಿಯುವ ನೆಪ ಮಾಡಿಕೊಂಡು ಅಲ್ಲೇ ನಿಂತರಂತೆ. ಇದನ್ನು ಹೇಳಿದ್ದು ಅತ್ತೆ. ಯಜಮಾನರು ನನಗೆ ಹೇಳಿದ್ದು ಪಾರ್ಕಿಂಗ್ ಸಿಗಲಿಲ್ಲ ಅಂತ ಮಾತ್ರ.

ರಾತ್ರಿ ಟಿವಿ ಹಾಕಲಿಲ್ಲ. ಮಗನ ಪರೀಕ್ಷೆ ಮುಗಿಯುವವರೆಗೆ ನೋಡೋಣ ಅಂದರು. ಅದು ಹೂಂ ಅಲ್ಲ, ಊಹೂಂ ಕೂಡ ಅಲ್ಲ.

ನನಗೆ ಏನು ಬೇಕು ಅಂತ ಕೇಳಿದಿರಲ್ಲ. ಸದ್ಯಕ್ಕೆ ಈ ಕಟ್ಟಡದಲ್ಲಿ ನನ್ನನ್ನು ಹೆಸರಿಟ್ಟು ಕರೆಯುವ ಒಬ್ಬರು ಬೇಕು. ಮೂರನೇ ಮಹಡಿಯವರೊಬ್ಬರು ಬೆಳಗ್ಗೆ ಜ್ಞಾನಭಾರತಿ ಕ್ಯಾಂಪಸ್ಸಿಗೆ ವಾಕಿಂಗ್ ಹೋಗುತ್ತಾರಂತೆ, ಕರೆದಿದ್ದಾರೆ. ಐದೂವರೆಗೆ ಅಂತೆ! ಹೇಗೂ ನಾಲ್ಕಕ್ಕೇ ಎಚ್ಚರ ಆಗಿರುತ್ತೆ.

ಐವತ್ತೆರಡು ದಾಟಿದವ

ಪಾರ್ಕಿಂಗ್ ಸಿಗಲಿಲ್ಲ ಅಂದರಾ. ಸರಿ. ಅರ್ಥವಾಯಿತು.

ತುಮಕೂರು ರೋಡು

ಅಮ್ಮನಿಗೆ ಫೋನ್ ಮಾಡಿದೆ. "ಆಗ ಫ್ಯಾನ್ ಕೆಳಗಿನ ಮೆಷಿನ್ನಿಗೆ ದಿನಾ ಜಗಳ ಆಡ್ತಿದ್ದೆ, ಸೆಕೆ ಯಾಕೆ ಅಂತ ಈಗ ಗೊತ್ತಾಯ್ತು" ಅಂದರು. ಎರಡನೇ ಶಿಫ್ಟು ಅಕ್ಕ, ನೀವು ಗೆದ್ದಿರಿ.

ಕೆಂಗೇರಿಗೆ ಹೊಸಬಳು

(ಮಗಳು ಟೈಪ್ ಮಾಡ್ತಿದ್ದೀನಿ. ಅಮ್ಮ ಇದನ್ನೆಲ್ಲ ಅಜ್ಜಿಗೆ ಓದಿ ಹೇಳಿದರು. ಅಜ್ಜಿ ಉತ್ತರ ಬರಿ ಅಂದರು. ಅವರು ಹೇಳಿದ್ದೇ ಬರೀತಿದ್ದೀನಿ, ನನ್ನದಲ್ಲ.)

ಎಲ್ಲರಿಗೂ ನಮಸ್ಕಾರ. ನನ್ನ ಮಂಡಿ, ನನ್ನ ದುಡ್ಡು ಎಲ್ಲವನ್ನೂ ಊರಿಗೆಲ್ಲ ಹೇಳಿದ್ದಾಳೆ ಸೊಸೆ. ಇರಲಿ.

ನಾನು ಮಲ್ಲೇಶ್ವರ ನೆನೆಸಿಕೊಂಡು ಅಳುತ್ತಿಲ್ಲ. ಅಲ್ಲಿ ನನ್ನ ಜೊತೆಯವರು ಅರ್ಧ ಜನ ಹೋಗಿಬಿಟ್ಟರು, ಮಿಕ್ಕವರು ಮಕ್ಕಳ ಜೊತೆ ಅಮೆರಿಕದಲ್ಲಿದ್ದಾರೆ. ದೇವಸ್ಥಾನ ಹತ್ತಿರ ಇರಲಿ ಅಂದದ್ದು ನಡೆಯುವುದಕ್ಕೆ ಒಂದು ನೆಪ ಬೇಕಲ್ಲ ಅಂತ.

ನನಗೆ ಬೇಕಾಗಿರುವುದು ಅಡುಗೆಮನೆ. ಮದುವೆಯಾಗಿ ಬಂದಾಗ ಅದು ನಮ್ಮ ಅತ್ತೆಯದು. ಆಮೇಲೆ ಸ್ವಲ್ಪ ಕಾಲ ನನ್ನದಾಗಿತ್ತು. ಈಗ ಸೊಸೆಯದು, ಅದು ನ್ಯಾಯವೇ. ಆದರೆ ನನಗೆ ನಾಲ್ಕೂವರೆಗೆ ಎಚ್ಚರ ಆಗುತ್ತೆ, ಕಾಫಿ ಬೇಕು. ಇಲ್ಲಿ ಪಾತ್ರೆ ಸದ್ದು ಮಾಡಿದರೆ ಹುಡುಗನಿಗೆ ಓದಿಗೆ ತೊಂದರೆ. ಮಿಕ್ಸಿ ಹಾಕಿದರೆ ಕೆಳಗಿನ ಮನೆಯವರಿಗೆ ತೊಂದರೆ. ನನ್ನ ಮಗ ರಾತ್ರಿ ಮೂರು ಸಲ ಬಾಗಿಲು ತೆಗೆದು ನಾನು ಉಸಿರಾಡ್ತಿದ್ದೀನಾ ಅಂತ ನೋಡ್ತಾನೆ. ನಾನು ಕಣ್ಣು ಮುಚ್ಚಿಕೊಂಡು ನಿದ್ದೆ ಬಂದ ಹಾಗೆ ಮಲಗಬೇಕು. ಅವನಿಗೆ ಹೆದರಿಕೆ, ನನಗಲ್ಲ.

ಪರಿಷೆಯವರಿಗೆ ಒಂದು ಮಾತು. ಮಲ್ಲೇಶ್ವರದಲ್ಲೂ ಕಡಲೆಕಾಯಿ ಪರಿಷೆ ಈಚೆಗೆ ಮಾಡ್ತಾರೆ. ಚೆನ್ನಾಗಿರುತ್ತೆ, ಆದರೆ ಕಾರ್ತಿಕದ ಕೊನೇ ಸೋಮವಾರ ಬಸವನಗುಡಿಯದ್ದೇ ಪರಿಷೆ. ಅದನ್ನು ಒಪ್ಪಬೇಕು.

ಹಿರಿಮಗ ಅನ್ನುವವರಿಗೆ. ನಿಮ್ಮ ತಾಯಿ ಸರಿ ಹೋಗಿದ್ದಾರೆ ಅಂದಿರಿ. ಕೇಳಿದ್ದೀರಾ?

ಹಿರಿಮಗ

ಅಮ್ಮ, ನಮಸ್ಕಾರ. ಈಗ ತಾನೇ ಒಳಗೆ ಹೋಗಿ ಕೇಳಿದೆ. ಏನಂದರು ಅಂತ ಇಲ್ಲಿ ಬರೆಯುವುದಿಲ್ಲ.

ಬಾಡಿಗೆ ಭೂತ

😂 ಬರೆಯಿರಿ ಸಾರ್.

ಲೆಕ್ಕದ ಮೇಷ್ಟ್ರು

ಅಮ್ಮ, ಬಡ್ಡಿಗೆ ತೆರಿಗೆ ಬೀಳುತ್ತೆ. ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಮಲ್ಲೇಶ್ವರ ಮನೆ ಓನರ್

ನನ್ನ ಪೋರ್ಷನ್ ಖಾಲಿ ಇಲ್ಲ. ನಮ್ಮ ತಂಗಿಯದ್ದು ಒಂದು ಇದೆ. ಗ್ರೌಂಡ್ ಫ್ಲೋರ್, ಒಂದು ರೂಮು, ಹಾಲು, ಅಡುಗೆಮನೆ. ಹಿಂದುಗಡೆ ಇರುವುದರಿಂದ ಬೆಳಕು ಕಡಿಮೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಬಚ್ಚಲಿಗೆ ಒಂದು ಮೆಟ್ಟಿಲು ಇಳಿಯಬೇಕು. ಏಪ್ರಿಲ್‌ಗೆ ಖಾಲಿ ಆಗುತ್ತೆ. ಅಡ್ವಾನ್ಸ್ ಆರು ತಿಂಗಳದ್ದು ಕೇಳ್ತಾಳೆ. ಮಗ ಬಂದು ಮಾತಾಡಲಿ.

ನರ್ಸಮ್ಮ ರಿಟೈರ್ಡ್

ಬಚ್ಚಲಿಗೆ ಮೆಟ್ಟಿಲಾ? ಬೇಡ. ಇಲ್ಲ ಅಂದರೆ ಇಳಿಜಾರು ಮಾಡಿಸಿ, ರಾಡ್ ಹಾಕಿಸಿ ಕೊಡಲಿ.

ಕೆಂಗೇರಿಗೆ ಹೊಸಬಳು

(ಮತ್ತೆ ಮಗಳು.) ಅಜ್ಜಿ ಕೇಳ್ತಿದ್ದಾರೆ, ನೀರು ಕಾವೇರಿನಾ ಬೋರಾ? ಆರು ತಿಂಗಳ ಅಡ್ವಾನ್ಸ್ ಜಾಸ್ತಿ ಆಯ್ತಂತೆ, ಮೂರಕ್ಕೆ ಮಾತಾಡಿ ಅಂದರು. ಮಗ ಯಾಕೆ ಬರಬೇಕು, ನಾನೇ ಬಂದು ಮಾತಾಡ್ತೀನಿ ಅಂತ ಬರಿ ಅಂದರು.

ಮಲ್ಲೇಶ್ವರ ಮನೆ ಓನರ್

ಕಾವೇರಿ, ದಿನ ಬಿಟ್ಟು ದಿನ. ಮೂರಕ್ಕೆ ಆಗಲ್ಲಮ್ಮ. ಐದು ಅಂತ ಹೇಳಿ ನೋಡ್ತೀನಿ.